ದೊಡ್ಡ ಅಧ್ಯಯನದಲ್ಲಿ ನಿಮ್ಮ ಪ್ರಶ್ನೆಗೂ ಜಾಗ ಕೇಳುವುದು ಹೇಗೆ?

ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2006ರಿಂದ 2010ರ ನಡುವೆ ನಂಜನಗೂಡು, ತಿ. ನರಸೀಪುರ ಕಡೆಯ ಹಳ್ಳಿಗಳಲ್ಲಿ 30 ವರ್ಷ ದಾಟಿದ 8,000ಕ್ಕೂ ಹೆಚ್ಚು ಜನರ ಆರೋಗ್ಯದ ಮಾಹಿತಿ ಸಂಗ್ರಹಿಸಿದರು. ಒಂದೇ ಜನರನ್ನು ವರ್ಷಗಟ್ಟಲೆ ಗಮನಿಸುವ, ‘ಮುದ್ರಾ’ ಎಂಬ ಈ ಕೋಹಾರ್ಟ್‌ನ ಮುಖ್ಯ ಕಾಳಜಿ ಸಿಒಪಿಡಿ, ಅಂದರೆ ಶ್ವಾಸಕೋಶದ ದೀರ್ಘಕಾಲದ ಕಾಯಿಲೆ. ಇಂಥ ಅಧ್ಯಯನವನ್ನು ಹೊಸದಾಗಿ ಕಟ್ಟುವುದು ಪಿ.ಜಿ. ವಿದ್ಯಾರ್ಥಿಗಾಗಲಿ ಕಿರಿಯ ಅಧ್ಯಾಪಕರಿಗಾಗಲಿ ಆಗುವ ಮಾತಲ್ಲ. ಆದರೆ ಕಟ್ಟಿರುವ ಅಧ್ಯಯನದೊಳಗೆ ಪೂರಕ ಅಧ್ಯಯನ ಮಾಡಲು ಅವಕಾಶ ಕೇಳಬಹುದು.

ಮೊದಲು, ಈಗಾಗಲೇ ಏನಿದೆ ನೋಡಿ. ಪ್ರಕಟವಾದ ಲೇಖನಗಳನ್ನು ಓದಿ, ಪ್ರಶ್ನಾವಳಿಯ ಪ್ರತಿ ಕೇಳಿ ಪಡೆಯಿರಿ. ಹೊಗೆಯ ವಿಷಯವನ್ನೇ ತೆಗೆದುಕೊಳ್ಳೋಣ. ದಿನಕ್ಕೆ ಸರಾಸರಿ ಎಷ್ಟು ಗಂಟೆ ಅಡುಗೆ, ಎಷ್ಟು ವರ್ಷದಿಂದ ಅಡುಗೆ, ಇವೆರಡನ್ನೂ ಗುಣಿಸಿದರೆ ಹೊಗೆಯ ಸೂಚ್ಯಂಕ ಸಿಗುತ್ತದೆ. ಸೌದೆ ಒಲೆ ಮುಂದೆ ದಿನಕ್ಕೆ 3 ಗಂಟೆಯಂತೆ 20 ವರ್ಷ ಕೂತವರಿಗೆ ಅದು 60. ಕರ್ನಾಟಕದ ಗ್ರಾಮೀಣ ಮಹಿಳೆಯರ ಬಗ್ಗೆ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ದೀರ್ಘಕಾಲದ ಬ್ರಾಂಕೈಟಿಸ್‌ಗೆ ಇದೇ 60ನ್ನು ಹೊಸ್ತಿಲೆಂದು ಗುರುತಿಸಿತು. ಇಂಥ ಎರಡು ಅಂಕಿ ದಾಖಲೆಯಲ್ಲಿದ್ದರೆ ಎಷ್ಟೋ ಪ್ರಶ್ನೆಗಳಿಗೆ ಯಾರ ಮನೆ ಬಾಗಿಲನ್ನೂ ತಟ್ಟದೆ ಉತ್ತರ ಸಿಗುತ್ತದೆ.

ಆದರೆ ಬಡ ಮನೆಗಳಿಗೆ ಅಡುಗೆ ಗ್ಯಾಸ್ ಕೊಡುವ ಉಜ್ವಲಾ ಯೋಜನೆ ಬಂದದ್ದು 2016ರಲ್ಲಿ. ಅದಕ್ಕೂ ಮುಂಚಿನ ಉತ್ತರ ಇಂದಿನ ಅಡುಗೆಮನೆಯನ್ನು ಹೇಳುವುದಿಲ್ಲ. ಗ್ಯಾಸ್ ಬಂದ ಮೇಲೂ ಸ್ನಾನದ ನೀರಿನ ಹಂಡೆ ಒಲೆಗೆ ಸೌದೆ ಹಾಕುವ ಮನೆಗಳಿವೆ. ಒಳ್ಳೆಯ ಪೂರಕ ಅಧ್ಯಯನ ಹುಟ್ಟುವುದು ಇಂಥ ಕಡೆ. ಪ್ರಶ್ನೆಯನ್ನು ಆ ಊರಿನ ಮಾತಿನಲ್ಲೇ ಬರೆಯಿರಿ: ‘ಗ್ಯಾಸ್ ಬಂದು ಎಷ್ಟು ವರ್ಷ ಆಯ್ತವ್ವ? ಹಂಡೆ ಒಲೆಗೆ ಈಗ್ಲೂ ಸೌದೆನೇನಾ?’

ಎರಡನೆಯದು, ಉದ್ದದ ಪ್ರಸ್ತಾವಕ್ಕೆ ಮುಂಚೆ ಮುಖ್ಯ ಸಂಶೋಧಕರಿಗೆ ಒಂದು ಪುಟದ ಪತ್ರ. ಒಂದೇ ಪ್ರಶ್ನೆ, ಯಾರನ್ನು ಕೇಳುತ್ತೀರಿ, ಎಷ್ಟು ನಿಮಿಷ ಬೇಕು, ರಕ್ತ ಬೇಕೇ, ಇಷ್ಟಿದ್ದರೆ ಸಾಕು. ತೀರಿಕೊಂಡವರು, ಮೈಸೂರು ಬೆಂಗಳೂರಿಗೆ ವಲಸೆ ಹೋದವರನ್ನು ಕಳೆದು ಎಷ್ಟು ಜನ ಉಳಿಯುತ್ತಾರೆಂದು ಸಂಖ್ಯಾಶಾಸ್ತ್ರಜ್ಞರ ಜೊತೆ ಕೂತು ಲೆಕ್ಕ ಹಾಕಿ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ: ಜನರ ಮೇಲೆ ಬೀಳುವ ಹೊರೆ. ಶ್ವಾಸಕೋಶದ ಶಕ್ತಿ ಅಳೆಯುವ ಸ್ಪೈರೊಮೆಟ್ರಿಯಲ್ಲಿ ಎದೆ ತುಂಬ ಉಸಿರೆಳೆದು, ಇದ್ದಷ್ಟೂ ಬಲದಿಂದ ಊದಬೇಕು. ಸರಿಯಾಗಿ ಮೂರು ಸಲ ಬರುವವರೆಗೆ ಮತ್ತೆ ಊದಿಸುತ್ತಾರೆ. ಅಷ್ಟಕ್ಕೇ ಸುಸ್ತಾದ ಹಿರಿಯರಿಗೆ ಅದೇ ಬೆಳಿಗ್ಗೆ ನಿಮ್ಮ ಇನ್ನೊಂದು ಪರೀಕ್ಷೆಯನ್ನೂ ಹೇರಬೇಡಿ. ಶೇಖರಿಸಿಟ್ಟ ರಕ್ತದ ಮಾದರಿ ಬಳಸುವುದಾದರೂ ಅದು ಮುಗಿದರೆ ಮುಗಿಯಿತು. ಕರಗಿಸಿ ಮತ್ತೆ ಮತ್ತೆ ಫ್ರೀಜ್ ಮಾಡಿದರೆ ಕೆಡಬಹುದು. ಎಷ್ಟು ಮೈಕ್ರೋಲೀಟರ್ ಬೇಕು, ಏಕೆ ಬೇಕು ಎಂದು ಬರೆಯಿರಿ.

ಆಮೇಲೆ ಒಪ್ಪಿಗೆ. ಹಳೆಯ ಒಪ್ಪಿಗೆ ಪತ್ರವನ್ನು ಸಾಲು ಸಾಲಾಗಿ ಓದಿ. ಶ್ವಾಸಕೋಶದ ಪರೀಕ್ಷೆಗೆಂದು ಮಾತ್ರ ಒತ್ತಿದ ಹೆಬ್ಬೆಟ್ಟು ವಂಶವಾಹಿ ಪರೀಕ್ಷೆಗೆ ಒಪ್ಪಿಗೆಯಲ್ಲ. ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ ಎಥಿಕ್ಸ್ ಕಮಿಟಿಯ ಅನುಮತಿ ಬೇಕೇ ಬೇಕು. ವಿದೇಶಿ ಸಹಭಾಗಿತ್ವವಿದ್ದರೆ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಮುಂದೆಯೂ ಹೋಗಬೇಕಾಗುತ್ತದೆ. ಔಷಧಿ ಅಥವಾ ಚಿಕಿತ್ಸೆಯ ಪ್ರಯೋಗವಾದರೆ ದೇಶದ ಪ್ರಯೋಗಗಳ ನೋಂದಣಿ ಪಟ್ಟಿಯಾದ ಸಿಟಿಆರ್‌ಐನಲ್ಲಿ ಮೊದಲೇ ನೋಂದಾಯಿಸಿ.

ಖರ್ಚು ನಿಮ್ಮದೇ ಎಂದುಕೊಂಡು ಬಜೆಟ್ ಮಾಡಿ. ಕ್ಷೇತ್ರ ಸಿಬ್ಬಂದಿಯ ಬಸ್ ಚಾರ್ಜನ್ನೂ ಸೇರಿಸಿ. ಭೇಟಿಯ ದಿನಗಳನ್ನೂ ನೋಡಿ ಗೊತ್ತು ಮಾಡಿ: ಭತ್ತದ ನಾಟಿ ಸಮಯದಲ್ಲಿ, ನಂಜನಗೂಡಿನ ದೊಡ್ಡ ಜಾತ್ರೆಯ ವಾರದಲ್ಲಿ ಮನೆಯಲ್ಲಿ ಯಾರೂ ಸಿಗುವುದಿಲ್ಲ. ಪರೀಕ್ಷೆಯಲ್ಲಿ ಯಾರಿಗಾದರೂ ಬಿ.ಪಿ. ಹೆಚ್ಚಿದ್ದರೆ ಅಂದೇ ಹೇಳಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಚೀಟಿ ಬರೆದುಕೊಡುವ ವ್ಯವಸ್ಥೆ ಪ್ರಸ್ತಾವದಲ್ಲೇ ಇರಲಿ.

ನಿಮ್ಮ ಹೊಸ ಮಾಹಿತಿ ಯಾವಾಗ ಮೂಲ ಕೋಹಾರ್ಟ್‌ಗೆ ಸೇರುತ್ತದೆ, ಲೇಖಕರ ಪಟ್ಟಿಯಲ್ಲಿ ಯಾರಿರುತ್ತಾರೆ ಎಂಬುದನ್ನು ಕೆಲಸ ಶುರುವಾಗುವ ಮೊದಲೇ ಬರೆದು ಸಹಿ ಹಾಕಿಸಿಕೊಳ್ಳಿ. ಯಾವ ಸಮಿತಿಯಾದರೂ ಆಕ್ಷೇಪ ಎತ್ತಿ ವಾಪಸ್ ಕಳಿಸಿದರೆ ಒಂದೊಂದು ಆಕ್ಷೇಪಕ್ಕೂ ಬೇರೆಯಾಗಿ ಉತ್ತರ ಬರೆದು, ತಿದ್ದಿದ ಸಾಲುಗಳಿಗೆ ಗುರುತು ಹಾಕಿ ಮತ್ತೆ ಸಲ್ಲಿಸಿ.