ಮಳೆನೀರಿನ ಪರವಾನಗಿ: ನವೀಕರಣವೋ, ಮುಕ್ತಾಯವೋ?

ಟೆಕ್ಸಾಸ್ ರಾಜ್ಯದಲ್ಲಿ ಕಾಮಗಾರಿಯೊಂದರ ಹೊಣೆ ಹೊತ್ತಿರುವ ತಾವು, ನಿವೇಶನದಿಂದ ಹರಿದುಹೋಗುವ ಮಳೆನೀರಿನ ಪರವಾನಗಿಯು ಒಮ್ಮೆ ದೊರೆತರೆ ಕೆಲಸ ಮುಗಿಯುವವರೆಗೂ ಊರ್ಜಿತವೆಂದು ಭಾವಿಸಿರುವುದು ಸಹಜವಾದರೂ ಸಮಂಜಸವಲ್ಲ. ಅಲ್ಲಿನ ಸಾಮಾನ್ಯ ಪರವಾನಗಿಯ ಆಯುಸ್ಸು ಐದೇ ವರ್ಷ; 2023ರ ಮಾರ್ಚ್ 5ರಂದು ಜಾರಿಗೆ ಬಂದದ್ದು 2028ರ ಮಾರ್ಚ್ 5ಕ್ಕೆ ಕೊನೆಗಾಣುವುದು. ಕಳೆದ ಸಲ ಹೊಸ ಪರವಾನಗಿ ಬಂದಾಗ, ಐದು ಎಕರೆ ಅಥವಾ ಅದಕ್ಕೂ ಮಿಗಿಲಾದ ನೆಲವನ್ನು ಅಗೆದು ಕೆಲಸ ಮುಂದುವರಿಸಿದ್ದವರು 90 ದಿನಗಳೊಳಗೆ, ಹೊಸ ಪರವಾನಗಿಯಡಿ ಕೆಲಸ ನಡೆಸುವ ಉದ್ದೇಶವನ್ನು ತಿಳಿಸುವ ನೂತನ ಸೂಚನಾಪತ್ರವನ್ನು ಸಲ್ಲಿಸಬೇಕಾಗಿತ್ತು. ಕೆಸರು ತಡೆಯುವ ಯೋಜನೆಯನ್ನೂ ಹೊಸ ನಿಯಮಗಳಿಗೆ ಹೊಂದಿಸಬೇಕು. ಕಾಗದ ಮಾತ್ರ ಹೊಸದಾದರೆ ಸಾಲದು. ಆದರೆ ಮೊದಲು ನೆಲವನ್ನು ನೋಡಿರಿ: ಕೆಲಸವೆಲ್ಲ ಮುಗಿದು, ಆ ಪ್ರದೇಶದ ಸಹಜ ಸಸ್ಯಾವರಣದ ಸಾಂದ್ರತೆಯಲ್ಲಿ 70 ಪ್ರತಿಶತದಷ್ಟು ಹಸುರು ಎಲ್ಲೆಡೆ ಬೇರೂರಿದ್ದರೆ ನವೀಕರಣದ ಗೊಡವೆಯೇಕೆ? ಮುಕ್ತಾಯದ ಪತ್ರವನ್ನೇ ಸಲ್ಲಿಸಿಬಿಡಿರಿ.