ಬೀಳುವ ಹಲ್ಲಿಗೂ ಬ್ರಷ್ ಬೇಕೇ?

ಪ್ರಶ್ನೆ: ಮಗನಿಗೆ ಎರಡೂವರೆ ವರ್ಷ. ರಾತ್ರಿ ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಲ್ಲಿದ್ದರೇ ನಿದ್ದೆ. ಮೇಲಿನ ಮುಂದಿನ ಹಲ್ಲುಗಳ ಬುಡದಲ್ಲಿ ಬೆಳ್ಳಗೆ ಗೆರೆ ಕಾಣಿಸುತ್ತಿದೆ. ಬ್ರಷ್ ತಂದರೆ ರಂಪ ಮಾಡುತ್ತಾನೆ. ‘ಹಾಲುಹಲ್ಲು ತಾನೇ, ಹೇಗಿದ್ದರೂ ಬೀಳುತ್ತೆ’ ಅನ್ನುತ್ತಾರೆ ಅತ್ತೆ. ನಮ್ಮ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಫ್ಲೋರೈಡ್ ಪೇಸ್ಟ್ ಹಾಕಬಹುದೇ?
– ಓದುಗರು, ಪಾವಗಡ

ಉತ್ತರ: ಗೆರೆ ನಿಮ್ಮ ಕಣ್ಣಿಗೆ ಬಿದ್ದದ್ದು ಒಳ್ಳೆಯದಾಯಿತು. ಎಷ್ಟೋ ಮಕ್ಕಳು ನಮ್ಮಲ್ಲಿಗೆ ಬರುವುದು ಹಲ್ಲು ಕಂದಾಗಿ, ಮುರಿದು ಮೊಂಡಾದ ಮೇಲೆ. ಒಸಡಿನ ಅಂಚಿಗೆ ಸೀಮೆಸುಣ್ಣದಲ್ಲಿ ಎಳೆದಂತಿರುವ ಗೆರೆ ಬಹುಮಟ್ಟಿಗೆ ಹುಳುಕಿನ ಮೊದಲ ಹಂತ. ಎನಾಮಲ್‌ನ ಖನಿಜ ಕರಗಿದೆ, ಗುಳಿ ಬಿದ್ದಿಲ್ಲ. ಈಗ ಎಚ್ಚೆತ್ತರೆ ಸರಿಹೋಗುತ್ತದೆ. ತಡಮಾಡದೆ ದಂತವೈದ್ಯರಿಗೆ ತೋರಿಸಿ.

ಮುಖ್ಯ ಕಾರಣ ಆ ಬಾಟಲಿ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುತ್ತದೆ, ಬಾಯಿ ತೊಳೆಯುವವರಿಲ್ಲ. ಕೆಳಗಿನ ಮುಂದಿನ ಹಲ್ಲುಗಳನ್ನು ನಾಲಿಗೆ ಮುಚ್ಚಿ ಕಾಯುತ್ತದೆ. ಮೇಲಿನವು ರಾತ್ರಿಯಿಡೀ ಸಿಹಿಹಾಲಿನಲ್ಲಿ ನೆನೆಯುತ್ತವೆ. ಸಕ್ಕರೆ ಬದಲು ಕಲ್ಲುಸಕ್ಕರೆ, ಜೇನು ಹಾಕಿದರೂ ಕಥೆ ಅದೇ. ದಿನದಿನಕ್ಕೆ ಸಕ್ಕರೆ ಇಳಿಸುತ್ತ ಬನ್ನಿ. ಹಾಲನ್ನು ಊಟದ ಹೊತ್ತಿಗೇ ಲೋಟದಲ್ಲಿ ಕೊಡಿ. ಹಲ್ಲುಜ್ಜಿದ ಮೇಲೆ ಬಾಯಿಗೆ ನೀರು ಮಾತ್ರ. ನಾಲ್ಕಾರು ರಾತ್ರಿ ಹಟ ಇದ್ದೇ ಇರುತ್ತದೆ. ಮನೆಯವರೆಲ್ಲ ಒಂದೇ ಮಾತಿಗೆ ನಿಲ್ಲಬೇಕು, ಅಜ್ಜಿಯೂ ಸೇರಿ.

ಅಜ್ಜಿಯ ಮಾತು ಅರ್ಧ ನಿಜ. ಮುಂದಿನ ಹಲ್ಲು ಆರೇಳು ವರ್ಷಕ್ಕೆ ಬೀಳುತ್ತದೆ. ಹಿಂದಿನ ಹಾಲುದವಡೆ ಹಲ್ಲುಗಳು ಮಾತ್ರ 10–12 ವರ್ಷದವರೆಗೆ ಇರಬೇಕಾದವು. ಅವು ಹುಳುಕಾಗಿ ಬೇಗ ಹೋದರೆ ಪಕ್ಕದವು ವಾಲಿಕೊಂಡು, ಹೊಸ ಹಲ್ಲುಗಳು ಜಾಗವಿಲ್ಲದೆ ಸೊಟ್ಟಗೆ ಬರುತ್ತವೆ. ಅಷ್ಟು ವರ್ಷ ನೋವು ತಿನ್ನುವವನೂ ಅವನೇ.

ಬ್ರಷ್ ಹೀಗೆ: ಚಾಪೆ ಮೇಲೆ ಕುಳಿತು ಅವನ ತಲೆಯನ್ನು ತೊಡೆ ಮೇಲಿಟ್ಟುಕೊಳ್ಳಿ. ಬೆರಳಿನಿಂದ ಮೇಲ್ದುಟಿ ಎತ್ತಿ, ಮೆತ್ತನೆ ಬ್ರಷ್ಷನ್ನು ಒಸಡಿನಂಚಿನಲ್ಲಿ ಸಣ್ಣಗೆ ಸುತ್ತಿಸಿ. ಅತ್ತರೆ ಅಳಲಿ, ಬಾಯಿ ತೆರೆದೇ ಇರುತ್ತದಲ್ಲ! ಬೆಳಿಗ್ಗೆ ಮೊದಲು ಬ್ರಷ್ ಅವನ ಕೈಗೇ ಕೊಡಿ, ಆಮೇಲೆ ನೀವು ಒಮ್ಮೆ ಉಜ್ಜಿ. ರಾತ್ರಿಯದು ಪೂರ್ತಿ ನಿಮ್ಮದೇ ಕೆಲಸ. ಏಳೆಂಟು ವರ್ಷದವರೆಗೆ ಮಕ್ಕಳ ಕೈಗೆ ಆ ಹಿಡಿತ ಬರುವುದಿಲ್ಲ.

ಪೇಸ್ಟ್ ಹಾಕಬಹುದು, ಅಕ್ಕಿಕಾಳಿನಷ್ಟು ಮಾತ್ರ. 1000 ಪಿಪಿಎಂ ಪೇಸ್ಟ್ ಅಷ್ಟು ತೆಗೆದರೆ ಅದರಲ್ಲಿ ಸುಮಾರು 0.1 ಮಿಲಿಗ್ರಾಂ ಫ್ಲೋರೈಡ್. ಉಜ್ಜಿದ ಮೇಲೆ ಬಟ್ಟೆಯಿಂದ ಒರೆಸಿಬಿಡಿ. ನಿಮ್ಮ ಕಡೆ ಹೆದರಬೇಕಾದದ್ದು ನೀರಿಗೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ಯೋಗ್ಯವಲ್ಲ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಬತ್ತಿದಷ್ಟೂ ಗಟ್ಟಿಯಾಗುತ್ತದೆ. ಶಾಶ್ವತ ಹಲ್ಲುಗಳು ಈಗಲೇ ದವಡೆಯೊಳಗೆ ರೂಪುಗೊಳ್ಳುತ್ತಿವೆ. ಫ್ಲೋರೈಡ್ ಹೆಚ್ಚಾದರೆ ಅವಕ್ಕೆ ಕಲೆ ಬೀಳುವುದೂ ಈ ವಯಸ್ಸಿನಲ್ಲೇ. ಕುಡಿಯುವುದಕ್ಕಷ್ಟೇ ಅಲ್ಲ, ಅನ್ನ ಸಾರಿಗೂ ಆರ್‌ಓ ಘಟಕದ ನೀರನ್ನೇ ಬಳಸಿ. ನೀರಿನ ಪರೀಕ್ಷೆಯ ವರದಿ ಇದ್ದರೆ ದಂತವೈದ್ಯರಿಗೂ ತೋರಿಸಿ.

ಪ್ರಶ್ನೆ: ಮಗಳಿಗೆ ಆರು ವರ್ಷ. ಕಟ್ಟಕಡೆಯಲ್ಲಿ ಹೊಸ ದವಡೆ ಹಲ್ಲು ಬಂದಿದೆ, ಯಾವ ಹಲ್ಲೂ ಬಿದ್ದಿರಲಿಲ್ಲ. ಇದೂ ಹಾಲುಹಲ್ಲೇ?

ಉತ್ತರ: ಅಲ್ಲ, ಶಾಶ್ವತ ಹಲ್ಲು. ಹುಳುಕಾಗಿ ಕೀಳಿಸಿದರೆ ಆ ಜಾಗದಲ್ಲಿ ಮತ್ತೊಂದು ಹುಟ್ಟುವುದಿಲ್ಲ. ಅದರ ಮೇಲಿನ ಗೀರುಗಳಲ್ಲಿ ಬಿಸ್ಕತ್ತು ಮೆತ್ತಿಕೊಂಡರೆ ಬ್ರಷ್ಷಿಗೂ ಸಿಗದು. ಆ ಗೀರುಗಳನ್ನು ಮುಚ್ಚುವ ಲೇಪ (ಸೀಲೆಂಟ್) ಹಾಕಿಸಬೇಕೇ ಎಂದು ದಂತವೈದ್ಯರನ್ನು ಕೇಳಿ, ಕೊರೆಯುವುದಿಲ್ಲ, ನೋವಾಗುವುದಿಲ್ಲ.