ವ್ಯೂ ಕ್ಯಾಮೆರಾದ ಬೆನ್ನಿಗೆ ಡಿಜಿಟಲ್ ಬಾಡಿ ಕಟ್ಟುವ ಮುನ್ನ

ತಮ್ಮಾ, ಹಳೇ 4×5 ವ್ಯೂ ಕ್ಯಾಮೆರಾ ಕೊಂಡಿದ್ದೀಯ. ಫಿಲ್ಮಿನ ರೇಟು ಕೇಳಿ ಹೌಹಾರಿ, ಅದರ ಬೆನ್ನಿಗೆ ನಿನ್ನ ಡಿಜಿಟಲ್ ಬಾಡಿಯನ್ನೇ ಕಟ್ಟುತ್ತೇನೆ ಅಂತಿದ್ದೀಯ. ಕಟ್ಟು, ಬೇಡ ಅನ್ನಲ್ಲ. ಆದರೆ ಲಾರ್ಜ್ ಫಾರ್ಮ್ಯಾಟ್ ಚಿತ್ರ ಸಿಗುತ್ತದೆ ಅನ್ನೋ ಆಸೆಗೆ ಕಟ್ಟಬೇಡ. ನಿನ್ನ ಫುಲ್ ಫ್ರೇಮ್ ಸೆನ್ಸರ್ ಬರೀ 36×24 ಮಿ.ಮೀ.; ಆ ಫಿಲ್ಮಿನ ಸುಮಾರು 13ರಲ್ಲಿ ಒಂದು ಪಾಲು. ಫಿಲ್ಮಿಗೆ ನಾರ್ಮಲ್ ಆಗಿದ್ದ 150 ಮಿ.ಮೀ. ಲೆನ್ಸು ಇಲ್ಲಿ ಟೆಲಿ ಆಗಿ ಕೂರುತ್ತದೆ.

ವೈಡ್ ಲೆನ್ಸ್ ಹಾಕಿದರಾಯ್ತು ಅಂತೀಯೇನೋ. ತೊಡಕು ಇರುವುದೇ ಅಲ್ಲಿ. ನಿಕಾನ್ ಎಫ್ ಮೌಂಟಿನಿಂದ ಸೆನ್ಸರ್‌ಗೆ 46.5 ಮಿ.ಮೀ. ಆಳ. ಅದರ ಮೇಲೆ ಅಡಾಪ್ಟರ್, ಮಡಚಿದ ಬೆಲ್ಲೋಸಿನ ದಪ್ಪ. ಲೆನ್ಸು ಸೆನ್ಸರಿನ ಹತ್ತಿರ ಬರಲಾರದೆ ದೂರದ ದೃಶ್ಯ ಫೋಕಸ್ಸೇ ಆಗುವುದಿಲ್ಲ. ಸೋನಿ ಇ ಮೌಂಟಿನಂಥ ಮಿರರ್‌ಲೆಸ್ ಆದರೆ ಆಳ 18 ಮಿ.ಮೀ., ವಾಸಿ. ಆದರೂ ಶಿಫ್ಟ್ ಜಾಸ್ತಿ ಮಾಡಿದರೆ ಮೌಂಟಿನ ಅಂಚೇ ಬೆಳಕಿಗೆ ಅಡ್ಡ ಬಂದು ಮೂಲೆ ಕಪ್ಪಾಗುತ್ತದೆ. ಕಟ್ಟಡ ತೆಗೆಯೋದಾದರೆ ಬಾಡಿಗೇ ಕೂರುವ ಟಿಲ್ಟ್-ಶಿಫ್ಟ್ ಲೆನ್ಸ್ ಬಾಡಿಗೆಗೆ ತಗೋ, ಈ ಸಾಹಸ ಬೇಡ.

ಬೆನ್ನಿಗೆ ಬಾಡಿ ಕಟ್ಟಿದ ವ್ಯೂ ಕ್ಯಾಮೆರಾದ ನಿಜವಾದ ಜಾಗ ಟೇಬಲ್ ಮೇಲೆ. ಒಂದು ಇಳಕಲ್ ಸೀರೆ ಹಾಸಿ, ಓರೆಯಿಂದ ತೆಗೆಯಬೇಕು ಅಂದುಕೋ. ಹತ್ತಿರದ ಕಸೂತಿಯೂ ಆಚೆಯ ಅಂಚೂ ಎರಡೂ ಚುರುಕಾಗಿರಬೇಕು. ಮೊದಲು ಆಚೆಯ ಅಂಚಿಗೆ ಫೋಕಸ್ ಮಾಡು. ಲೈವ್ ವ್ಯೂ ಹಿಗ್ಗಿಸಿ ಹತ್ತಿರದ ದಾರ ನೋಡುತ್ತಾ ಲೆನ್ಸನ್ನು ನಿಧಾನವಾಗಿ ಮುಂದಕ್ಕೆ ಬಾಗಿಸು. ದಾರ ಎದ್ದು ಬರುತ್ತದೆ, ಅಂಚು ಕೊಂಚ ಜಾರುತ್ತದೆ. ಮತ್ತೆ ಅಂಚಿಗೆ ಹೋಗು, ಮತ್ತೆ ದಾರಕ್ಕೆ ಬಾ. ಸೀರೆಯ ಸಮತಲ, ಲೆನ್ಸಿನ ಸಮತಲ, ಸೆನ್ಸರಿನ ಸಮತಲ ಮೂರನ್ನೂ ಉದ್ದಕ್ಕೆ ಎಳೆದರೆ ಒಂದೇ ಗೆರೆಯಲ್ಲಿ ಕೂಡಬೇಕು. ಆಸ್ಟ್ರಿಯಾದ ಸೇನಾಧಿಕಾರಿ ಥಿಯೋಡರ್ ಶೈಂಪ್‌ಫ್ಲುಗ್ 1904ರಲ್ಲಿ ಪೇಟೆಂಟ್ ಮಾಡಿಸಿದ ಲೆಕ್ಕ ಇದು. ಕರಿಬಟ್ಟೆ ಹೊದ್ದು ತಲೆಕೆಳಗಾದ ಚಿತ್ರ ನೋಡುತ್ತಿದ್ದ ನಮ್ಮಂಥವರಿಗೆ, ನಿನ್ನ ಪರದೆಯ ಮೇಲೆ ಅದು ನೆಟ್ಟಗೆ ಕಾಣುವುದೇ ಒಂದು ಸುಖ.

ಎಫ್/32ರ ಚಾಳಿ ಮಾತ್ರ ಬಿಡು. ಫಿಲ್ಮಿನಲ್ಲಿ ನಡೆಯುತ್ತಿತ್ತು; ಸಣ್ಣ ಪಿಕ್ಸೆಲ್‌ಗಳ ಮೇಲೆ ಡಿಫ್ರಾಕ್ಷನ್ ಎಲ್ಲವನ್ನೂ ಮೆತ್ತಗೆ ಮಾಡಿಬಿಡುತ್ತದೆ. ಎಫ್/11ರ ಆಸುಪಾಸಿನಲ್ಲೇ ಇರು, ಉಳಿದದ್ದನ್ನು ಟಿಲ್ಟ್ ನೋಡಿಕೊಳ್ಳುತ್ತದೆ. ಲೆನ್ಸಿನ ಶಟರನ್ನು ‘ಟಿ’ಗಿಟ್ಟು ತೆರೆದೇ ಬಿಡು, ಬಾಡಿಯ ಶಟರ್ ಸಾಕು. ಮೆನುವಿನಲ್ಲಿ ಲೆನ್ಸಿಲ್ಲದೆ ಕ್ಲಿಕ್ ಮಾಡುವ ಆಯ್ಕೆ ಆನ್ ಮಾಡಿರಬೇಕು.

ದೊಡ್ಡ ಫೈಲೇ ಬೇಕು ಅನ್ನಿಸಿದರೆ ಲೆನ್ಸನ್ನು ಅಲುಗಿಸದೆ ಬಾಡಿಯನ್ನು ಉದ್ದಕ್ಕೆ ನಿಲ್ಲಿಸಿ ಹಿಂಬದಿಯನ್ನಷ್ಟೇ ಸರಿಸು. ಒಂದರ ಮೇಲೊಂದು 6 ಮಿ.ಮೀ. ಬೀಳುವಂತೆ ಮೂರು ಫ್ರೇಮ್ ತೆಗೆದರೆ 60×36 ಮಿ.ಮೀ. ಚಿತ್ರ. ಲೆನ್ಸು ನಿಂತಲ್ಲೇ ನಿಂತಿರುವುದರಿಂದ ಹೊಲಿಗೆ ಸಲೀಸು. ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಎರಡೂ ಮ್ಯಾನುಯಲ್.

ಕೊನೇದಾಗಿ, ಬಾಡಿಯನ್ನು ಹೀಗೆ ಸರಿಸುವ ಸ್ಲೈಡಿಂಗ್ ಅಡಾಪ್ಟರ್‌ಗೆ ದುಡ್ಡು ಕೊಡುವ ಮೊದಲು ನಿನ್ನ ಕ್ಯಾಮೆರಾದ ಹಿಂಬದಿ ಅಡಾಪ್ಟರನ್ನು ಬಿಗಿದು ಹಿಡಿಯುವ ಗ್ರಾಫ್ಲಾಕ್ ಬ್ಯಾಕ್ ಹೌದೋ ಅಲ್ಲವೋ ನೋಡಿಕೋ. ಬರೀ ಸ್ಪ್ರಿಂಗ್ ಬ್ಯಾಕ್ ಆಗಿದ್ದರೆ ಇಂಥ ಅಡಾಪ್ಟರ್ ಅದಕ್ಕೆ ಕೂರುವುದಿಲ್ಲ.